ನಿಂತ ಮೇಲೆ ಹತ್ತುವ ಪ್ರಯಾಣಿಕ

ಅಪ್ಪನ ಬಲಭಾಗಕ್ಕೆ ಲಕ್ವ ಹೊಡೆದ ವರ್ಷವೇ ನಮ್ಮ ಕಾಂದಿವಲಿಯ ಮನೆಗೆ ಕಂಪ್ಯೂಟರ್ ಬಂತು. ಭಾವ ದುಬೈಯಿಂದ ತಂದು, ಏನು ಮಾಡಬೇಕೆಂದು ತಿಳಿಯದೆ ನಮ್ಮಲ್ಲಿ ಬಿಟ್ಟುಹೋಗಿದ್ದ. ಊಟದ ತಟ್ಟೆಗಿಂತ ಚಿಕ್ಕದು, ರಬ್ಬರಿನ ಕೀಗಳು. ಟಿವಿಗೆ ಜೋಡಿಸಿ ಸ್ವಿಚ್ ಹಾಕಿದರೆ ಸಾಕು, ಪ್ರೋಗ್ರಾಂ ಬರೆಯುವ ಎಡಿಟರ್ ಅದರೊಳಗೇ ಇತ್ತು. ನಾನಾಗ ಬಿ.ಎಸ್‌ಸಿ. ಓದುತ್ತಿದ್ದೆ. ನಾನು ಬರೆದ ನಾಲ್ಕು ಸಾಲಿಗೆ ಪರದೆಯ ಮೇಲೊಂದು ಚುಕ್ಕೆ ಓಡಿದ್ದೇ ತಡ, ನನಗೆ ಹುಚ್ಚು ಹಿಡಿಯಿತು.

ಅಪ್ಪನಿಗೆ ಮಾತು ಮರಳಿತ್ತು, ನಡಿಗೆ ಮರಳಿತ್ತು, ಕೈ ಮಾತ್ರ ಮರಳಿರಲಿಲ್ಲ. ಹಿಸುಕಲು ಡಾಕ್ಟರು ಕೊಟ್ಟ ಚೆಂಡನ್ನು ಅಪ್ಪ "ನಾಳೆ" ಎಂದು ದಿಂಬಿನಡಿ ತಳ್ಳುತ್ತಿದ್ದರು. ಊಟ, ಪೇಪರು, ಕ್ಷೌರ ಎಲ್ಲ ಎಡಗೈಯಲ್ಲೇ. ಬಳಸದೆ ಬಿಟ್ಟರೆ ಆ ಕೈ ಹೀಗೇ ಉಳಿದುಬಿಡುತ್ತದೆ ಎಂದು ಡಾಕ್ಟರು ಅಮ್ಮನ ಹತ್ತಿರ ಹೇಳಿದ್ದರು. ಆಮೇಲೆ ಅಮ್ಮ ಹೊರದ ಹರಕೆ ಇರಲಿಲ್ಲ. ದೇವರನ್ನು ಅಮ್ಮ ನೋಡಿಕೊಳ್ಳಲಿ, ಕೈಯನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಒಂದು ಆಟ ಕಟ್ಟಲು ಕೂತೆ.

ಆಟದಲ್ಲಿ ಸಂಜೆಯ ಚರ್ಚ್‌ಗೇಟ್ ಸ್ಟೇಷನ್. ಅಪ್ಪ ಫೋರ್ಟಿನ ಆಫೀಸಿನಿಂದ ದಿನಾ ಲೋಕಲ್ ರೈಲು ಹಿಡಿಯುತ್ತಿದ್ದ ಜಾಗ. ಚೌಕುಳಿ ಕಾಗದದಲ್ಲಿ ಒಂದೊಂದೇ ಚೌಕ ತುಂಬಿ ಗಾಡಿ, ಸೀಟು, ಕೊಡೆ ಹಿಡಿದ ಪ್ರಯಾಣಿಕ, ಎಲ್ಲವನ್ನೂ ಬಿಡಿಸಿದೆ. ಒಂದೊಂದರ ನಡತೆಯನ್ನೂ ಎಡಿಟರಿನಲ್ಲಿ ಬರೆದೆ. ಗಾಡಿಯ ವೇಗ ಒಂದಕ್ಕಿಂತ ಕಡಿಮೆಯಾದರೆ, ಅಂದರೆ ಅದು ನಿಂತರೆ ಮಾತ್ರ ಪ್ರಯಾಣಿಕ ಹತ್ತತಕ್ಕದ್ದು. ಹತ್ತಿಸುವ ಕೀಯನ್ನು ಬೇಕೆಂದೇ ಬಲತುದಿಯಲ್ಲಿಟ್ಟೆ. ಬರೆಯುವಾಗ ಒಂದಕ್ಷರ ತಪ್ಪಿದರೆ ಅಳಿಸಲು ಎರಡು ಕೀ ಒಟ್ಟಿಗೆ ಒತ್ತಬೇಕಿತ್ತು, ಒಂದು ಎಡಗಡೆಯ ಕೊನೆಯದು, ಇನ್ನೊಂದು ಬಲಗಡೆಯ ಕೊನೆಯದು. ಇದನ್ನು ಮಾಡಿದವನ ತಲೆ ಕೆಟ್ಟಿರಬೇಕು ಎಂದು ದಿನಾ ಬೈಯುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಅಪ್ಪನನ್ನು ಟಿವಿಯ ಮುಂದೆ ಕೂರಿಸಿದೆ. ಅವರು ಎಡಗೈಯನ್ನೇ ಆ ಕಡೆಗೆ ಚಾಚಿ ಕೀ ಒತ್ತಿದರು. ನನ್ನ ಉಪಾಯ ಅಲ್ಲಿಗೆ ಮಣ್ಣುಪಾಲು. ಗಾಡಿ ಬಂತು, ನಿಂತಿತು, ಕೊಡೆಯವನು ಹತ್ತಿದ. ಅಷ್ಟರಲ್ಲಿ ಸೀಟೆಲ್ಲ ಭರ್ತಿ, ಕಾಂದಿವಲಿವರೆಗೆ ನಿಂತೇ ಬಂದ. ಮತ್ತೆ ಆಡಿದರು, ಮತ್ತೆ ನಿಂತೇ ಬಂದ.

"ಹೀಗಲ್ಲ ಕಣೇ," ಎಂದರು ಅಪ್ಪ.

"ಮತ್ತೆ ಹೇಗೆ?"

ಅಪ್ಪ ಅಡುಗೆಮನೆಯ ಕಡೆ ನೋಡಿದರು. ಒಳಗೆ ಅಮ್ಮ ಇದ್ದಳು. "ಏನಿಲ್ಲ ಬಿಡು."

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಅಷ್ಟು ದಿನ ಕೂತು ಮಾಡಿದೀನಿ. ಏನು ತಪ್ಪು ಅಂತ ಹೇಳಿ!"

"ಆ ಹತ್ತೋ ವಿಷಯ ಎಲ್ಲಿ ಬರ್ದಿದೀಯ, ತೋರ್ಸು."

ಆಟ ನಿಲ್ಲಿಸಿ ಆ ಸಾಲನ್ನು ಎಡಿಟರಿನಲ್ಲಿ ಕೆಳಗೆ ತಂದು ನಿಲ್ಲಿಸಿದೆ. ಒಂದು ಎಂಬ ಅಂಕಿಯ ಪಕ್ಕ ಕರ್ಸರ್ ಮಿನುಗುತ್ತಿತ್ತು. ಅಳಿಸುವುದು ಹೇಗೆಂದು ಕೇಳಿದರು, ಸಿಡುಕುತ್ತಲೇ ತೋರಿಸಿದೆ. ಅಷ್ಟರಲ್ಲಿ ಅಮ್ಮ ನನ್ನನ್ನು ಬಟ್ಟೆ ಒಣಗಿಸುವ ಹಿಂದಿನ ಗ್ಯಾಲರಿಗೆ ಕರೆದಳು. ಒದ್ದೆ ಚಾದರ ಹಿಂಡಲು ಇಬ್ಬರು ಬೇಕು. ಮೊದಲೆಲ್ಲ ಅದರ ಇನ್ನೊಂದು ತುದಿ ಅಪ್ಪನ ಕೈಯಲ್ಲಿರುತ್ತಿತ್ತು.

ಹಿಂಡಿ, ಒಣಹಾಕಿ ಒಳಗೆ ಬಂದವರು ಇಬ್ಬರೂ ಬಾಗಿಲಲ್ಲೇ ನಿಂತೆವು. ಅಪ್ಪನ ಎಡಗೈ ಬೆರಳು ಎಡತುದಿಯ ಕೀಯ ಮೇಲಿತ್ತು. ತೊಡೆಯ ಮೇಲಿನ ಬಲಗೈ ಎದ್ದಿತ್ತು. ಅದು ನಡುಗುತ್ತಾ ಹೋಗಿ ಯಾವುದೋ ಕೀಗೆ ಬಡಿದು ಬೇಡದ ಅಕ್ಷರವೊಂದು ಮೂಡಿತು. ಅಳಿಸಬೇಕಾದದ್ದು ಒಂದಿತ್ತು, ಎರಡಾಯಿತು. ಅಪ್ಪ ತ್ಚು ಎಂದು ಕೈ ಹಿಂದೆಳೆದು ಮತ್ತೆ ಚಾಚಿದರು. ಹಣೆಯ ತುಂಬ ಬೆವರು. ಅಮ್ಮ ನನ್ನ ರಟ್ಟೆ ಹಿಡಿದಳು, ಉಗುರು ಚುಚ್ಚುವಷ್ಟು ಬಿಗಿಯಾಗಿ. ಮಡಿಸಿಕೊಂಡಿದ್ದ ತೋರುಬೆರಳು ಕೊನೆಗೂ ಬಲತುದಿಯ ಕೀಯ ಮೇಲೆ ಕೂತಿತು. ಬೇಡದ ಅಕ್ಷರ ಹೋಯಿತು, ಒಂದು ಎಂಬ ಅಂಕಿಯೂ ಹೋಯಿತು. ಅದೇ ಬೆರಳು ಅಲ್ಲೇ ಪಕ್ಕಕ್ಕೆ ತೆವಳಿ ಆರನ್ನು ಒತ್ತಿತು.

ನಾನು ಓಡಿಹೋಗಿ ಆಟ ಶುರುಮಾಡಿದೆ. ಗಾಡಿ ಬಂತು. ಅದು ನಿಲ್ಲುವ ಮೊದಲೇ ಕೊಡೆಯವನು ಹಾರಿ ಒಳಗೆ ಬಿದ್ದು ಕಿಟಕಿಯ ಸೀಟಿನಲ್ಲಿ ಕೂತ.

"ಹಾಂ! ಹೀಗೆ!" ಎಂದು ಕೂಗಿದ ಅಪ್ಪ ಆಮೇಲೆ ಅಮ್ಮನನ್ನು ನೋಡಿದರು.

ದಿನಾ ಬೆಳಗ್ಗೆ ಡಬ್ಬಿ ಕೈಗಿಡುವಾಗ ಅಮ್ಮ, ಗಾಡಿ ನಿಂತ ಮೇಲೆ ಹತ್ತಿ ಎನ್ನುತ್ತಿದ್ದಳು. ನಿಂತ ಮೇಲೇ ಹತ್ತೋದು ಎಂದು ಅಪ್ಪ ಅವಳ ತಲೆ ಮುಟ್ಟಿ ಆಣೆ ಇಟ್ಟಿದ್ದರು.

"ಏನ್ರೀ, ಇಷ್ಟು ವರ್ಷ ಓಡೋ ಗಾಡಿಗೆ ಹಾರ್ತಿದ್ರಾ ನೀವು?"

ಅಪ್ಪ ತಲೆ ತಗ್ಗಿಸಿದರು. "ಸೀಟ್ ಸಿಗಬೇಕಲ್ಲ ಕಣೇ."

"ಮುಚ್ಚಿ ಬಾಯಿ. ಕಾಲು ಜಾರಿದ್ರೆ ನಮ್ಮ ಗತಿ ಏನಾಗ್ತಿತ್ತು?" ಎಂದು ಶುರುವಾದ ಬೈಗುಳ ನಿಲ್ಲಲೇ ಇಲ್ಲ. ಬೈಯುತ್ತಲೇ ಅವರ ಪಕ್ಕ ಕೂತಳು, ಬೈಯುತ್ತಲೇ ಬಲಗೈಯನ್ನು ಎತ್ತಿಕೊಂಡು ಒಂದೊಂದೇ ಬೆರಳನ್ನು ಬಿಡಿಸಿದಳು. ಕಣ್ಣೀರು ಆ ಕೈಯ ಮೇಲೇ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. ಟಿವಿಯಲ್ಲಿ ಮತ್ತೆ ಗಾಡಿ ಬಂತು. ಅಮ್ಮ ಆ ಬೆರಳನ್ನು ಕೀಯ ಮೇಲಿಟ್ಟಳು.

"ಹೂಂ, ಹಾರಿ," ಎಂದಳು. "ಈ ಕೈಯಲ್ಲೇ ಹಾರಿ."