ಜೋರಾಗಿ ಓದಿದ ತಾರೀಕು

ತಿ. ನರಸೀಪುರದ ಬಸ್‌ಸ್ಟ್ಯಾಂಡ್ ಹಿಂದಿನ ಮಹಡಿಯಲ್ಲಿ ನಮಗೆ ಪ್ರೋಗ್ರಾಮಿಂಗ್ ಕಲಿಸುತ್ತಿದ್ದ ಮೇಡಂಗೆ ಕೋಡ್ ಸುಮ್ಮನೆ ಓಡಿದರೆ ಸಾಲುತ್ತಿರಲಿಲ್ಲ. ಪೆನ್ನಿನ ಮುಚ್ಚಳದಿಂದ ಪರದೆ ತಟ್ಟಿ, ಕಣ್ಣು ಮುಚ್ಚಿಕೊಂಡು, "ಜೋರಾಗಿ ಓದಿ, ಕೇಳ್ತೀನಿ" ಅನ್ನುತ್ತಿದ್ದರು. ನನಗೋ ಇದೊಂದು ಗೀಳು ಅನ್ನಿಸುತ್ತಿತ್ತು.

ಕೆಳಗಿನ ಕಣ್ಣಿನ ಕ್ಲಿನಿಕ್ಕಿಗೆ ಚೀಟಿ ಮುದ್ರಿಸುವ ಪ್ರೋಗ್ರಾಂ ನಮ್ಮ ಬ್ಯಾಚಿನದು. ಒಂದು ಬೆಳಿಗ್ಗೆ ಬನ್ನೂರಿನ ಅಜ್ಜಿಯೊಬ್ಬರು ಪೊರೆ ತೆಗೆಸಲು ಬಟ್ಟೆಗಂಟಿನೊಂದಿಗೆ ಬಂದರು. ಚೀಟಿಯಲ್ಲಿದ್ದದ್ದು 05/06. ಮೊಮ್ಮಗಳು ಅದನ್ನು ಜೂನ್ ಐದು ಎಂದು ಓದಿ ಹೇಳಿದ್ದಳು. ಡಾಕ್ಟರು ಕರೆದಿದ್ದದ್ದು ಮೇ ಆರಕ್ಕೆ; ಅಜ್ಜಿ ಬಂದದ್ದು ಒಂದು ತಿಂಗಳು ತಡವಾಗಿ. ದಿನ ಮೊದಲು ಬರಲಿ ಎಂದು ನಾವು ಹೇಳದಿದ್ದರಿಂದ ಕಂಪ್ಯೂಟರು ತನ್ನ ರೂಢಿಯಂತೆ ತಿಂಗಳನ್ನೇ ಮುಂದೆ ಹಾಕಿತ್ತು.

ಮೇಡಂ ಯಾರನ್ನೂ ಬೈಯದೆ ಅಜ್ಜಿಯ ಪಕ್ಕ ಕೂತರು. "ಅಜ್ಜಿ, ನೀವು ದಿನ ಹೆಂಗೆ ನೆನಪಿಟ್ಕೊತೀರಿ?"

"ಯಾವ ವಾರ ಅಂತ ಏಳವ್ವ, ಸಾಕು. ಸಂತೆ ಮುಂಚ್ಲ ದಿನ್ವೋ ಮಾರ್ನೆ ದಿನ್ವೋ ತಿಳೀತದೆ."

ಮೇಡಂ ಮೇಲೆ ಬಂದು ಕೋಡಿನ ಒಂದೇ ಸಾಲು ಬದಲಿಸಿದರು: ಮೊದಲು ವಾರ, ಆಮೇಲೆ ದಿನ, ತಿಂಗಳು ಕನ್ನಡದ ಅಕ್ಷರದಲ್ಲಿ. ಡಾಕ್ಟರು ಕೊಟ್ಟ ಹೊಸ ದಿನದ ಚೀಟಿಯನ್ನು ನನ್ನ ಕೈಗಿತ್ತು, ಕೆಳಗೆ ಅಜ್ಜಿಯ ಮುಂದೆ ನನ್ನನ್ನು ನಿಲ್ಲಿಸಿದರು.

"ಜೋರಾಗಿ ಓದಿ."

"ಬುಧವಾರ, 10 ಜೂನ್."

ಅಜ್ಜಿಯ ಮುಖ ಅರಳಿತು. "ಅಂಗಾರೆ ಸಂತೆ ಮಾರ್ನೆ ದಿನ. ಬತ್ತೀನಿ ಕಣವ್ವ. ಪೊರೆ ತೆಗುದ್ಮೇಲೆ ಮುಂದ್ಲ ಚೀಟಿ ನಾನೇ ಓದ್ತೀನಿ."