ಬಟ್ಟೆ ಅಕ್ಕ ಮತ್ತೆ ಮೊದಲ ಪಾಠಕ್ಕೆ

ಬೆಳಗಿನ ಐದೂವರೆ. ಆಸ್ಪತ್ರೆಯ ಎರಡನೇ ಮಹಡಿಯ ಕೊನೆಯಲ್ಲಿರುವ ಬಟ್ಟೆ ಕೋಣೆಯ ಟ್ಯೂಬ್‌ಲೈಟ್ ಎರಡು ಸಲ ಮಿಣುಕಿ ಹೊತ್ತಿಕೊಳ್ಳುತ್ತದೆ. ಲಿಫ್ಟಿನ ಬಾಗಿಲು ತೆರೆದು, ನೆಲಮಾಳಿಗೆಯಿಂದ ಬಂದ ತಳ್ಳುಗಾಡಿ ಗಡಗಡನೆ ಒಳಗೆ ಬರುತ್ತದೆ. ಒಗೆದು, ಒಣಗಿಸಿ, ಮಡಿಸಿದ ಬೆಡ್‌ಶೀಟುಗಳಲ್ಲಿ ಇನ್ನೂ ಯಂತ್ರದ ಬಿಸಿ ಇದೆ. ಗಾಡಿಯ ಮುಂದೆ ನಿಂತ ಐವತ್ತೆರಡರ ಹೆಂಗಸು ಹೆಬ್ಬೆರಳಿನಿಂದ ಮಡಿಕೆಗಳ ಅಂಚನ್ನು ಸರಸರನೆ ಮೀಟುತ್ತ ಹೋಗುತ್ತಾರೆ. ತುಟಿ ಕೂಡ ಅಲುಗುವುದಿಲ್ಲ. ಆ ತುದಿ ತಲುಪಿದಾಗ, "ನೂರ ಹದಿನೆಂಟು. ಎರಡು ಕಮ್ಮಿ ಇದೆ," ಎನ್ನುತ್ತಾರೆ. ಗಾಡಿ ತಂದವನ ಚೀಟಿಯಲ್ಲಿ ನೂರ ಇಪ್ಪತ್ತು ಎಂದಿದೆ. ಆತ ಪೆನ್ನು ತೆಗೆದು ತಿದ್ದುತ್ತಾನೆ. ಇವರ ಲೆಕ್ಕದ ಜೊತೆ ವಾದಕ್ಕಿಳಿದು ಗೆದ್ದವರು ಈ ಆಸ್ಪತ್ರೆಯಲ್ಲಿ ಯಾರೂ ಇಲ್ಲ.

ಆಯಾಗಳಿಂದ ಹಿಡಿದು ದೊಡ್ಡ ಡಾಕ್ಟರುಗಳವರೆಗೆ ಎಲ್ಲರಿಗೂ ಇವರು ಬಟ್ಟೆ ಅಕ್ಕ. ಇಪ್ಪತ್ತಾರು ವರ್ಷಗಳಿಂದ ಇದೇ ಕೋಣೆ. ಹನ್ನೊಂದು ವಾರ್ಡು, ಮುನ್ನೂರ ನಲವತ್ತು ಹಾಸಿಗೆ. ದಿನಕ್ಕೆ ಸುಮಾರು ಆರುನೂರು ಶೀಟು, ನಾನೂರೈವತ್ತು ದಿಂಬಿನ ಕವರು, ಆಪರೇಷನ್ ಥಿಯೇಟರಿಗೆ ತೊಂಬತ್ತು ಹಸಿರು ಬಟ್ಟೆ ಇವರ ಕೈ ದಾಟಿಯೇ ಹೋಗಬೇಕು. ಬಟ್ಟೆಯನ್ನು ಎರಡು ಬೆರಳ ನಡುವೆ ಒಮ್ಮೆ ಉಜ್ಜಿ, "ಇದು ಇನ್ನು ನಾಲ್ಕು ಒಗೆತ ಬಾಳುತ್ತೆ, ಅಷ್ಟೇ," ಎಂದು ಪಕ್ಕಕ್ಕೆ ಹಾಕುತ್ತಾರೆ. ಮಕ್ಕಳ ವಾರ್ಡಿಗೆ ಹಳೆಯ ಮೆತ್ತನೆಯ ಶೀಟುಗಳನ್ನೇ ಆರಿಸಿ ಕಳಿಸುತ್ತಾರೆ. ಹಾಗೆ ಮಾಡಿ ಎಂದು ಯಾರೂ ಹೇಳಿಲ್ಲ.

"ಹೊತ್ತಲ್ಲದ ಹೊತ್ತಲ್ಲಿ ವಾರ್ಡಿಂದ ಒಂದೇ ಒಂದು ಶೀಟು ಕೇಳಿದ್ರೆ, ಯಾಕೆ ಅಂತ ನಾನು ಕೇಳಲ್ಲ," ಎನ್ನುತ್ತಾರೆ. "ಕಪಾಟಿಂದ ಹೊಸದು ತೆಗೆದು ಕೊಡ್ತೀನಿ. ಕೊನೇ ಸಲ ಹೊದಿಸೋದು ಹರಿದಿರಬಾರದು."

ಇಷ್ಟನ್ನೇ ಬರೆದುಕೊಂಡು ಬರೋಣ ಎಂದು ನಾನು ಹೋಗಿದ್ದೆ. ಎರಡು ದಿನ ಅವರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟರು. ಮೂರನೇ ದಿನ, ದಿಂಬಿನ ಕವರುಗಳನ್ನು ಜೋಡಿಸುತ್ತಲೇ, ತಲೆ ಎತ್ತದೆ ಹೇಳಿದರು: "ನೀವು ನನ್ನ ಬಗ್ಗೆ ಒಳ್ಳೆಯದು ಬರೀತೀರಿ ಅಂತ ಗೊತ್ತು. ಅದಕ್ಕೇ ಮನಸ್ಸು ತಡೀತಾ ಇಲ್ಲ. ಮೊದಲು ಇದನ್ನ ಕೇಳಿ. ಆಮೇಲೂ ಬರೀಬೇಕು ಅನ್ನಿಸಿದ್ರೆ ಬರೀರಿ."

ಕೋಣೆಯ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇದೆ. ಅದು ಬಂದದ್ದು ಹೋದ ವರ್ಷ. ಇನ್ನು ಮುಂದೆ ಶೀಟುಗಳ ಲೆಕ್ಕವೆಲ್ಲ ಅದರಲ್ಲೇ ಇರಬೇಕು, ಅದಕ್ಕಾಗಿ ಬಟ್ಟೆ ಕೋಣೆಯವರೂ ವಾರ್ಡುಗಳ ಆಯಾ, ಸಹಾಯಕರೂ ಕಂಪ್ಯೂಟರ್ ಪರಿಚಯದ ಆನ್‌ಲೈನ್ ಕೋರ್ಸ್ ಮುಗಿಸಬೇಕು ಎಂದು ಆಡಳಿತ ಆದೇಶ ಹೊರಡಿಸಿತು. ಹನ್ನೆರಡು ಪಾಠ, ಕೊನೆಗೊಂದು ಪರೀಕ್ಷೆ, ಪಾಸಾಗಲು ನಲವತ್ತು ಅಂಕ. ಮನೆಯಲ್ಲೇ ಕೂತು ಮಾಡಬಹುದು, ಮೂರು ತಿಂಗಳ ಗಡುವು. ಬಟ್ಟೆ ಕೋಣೆಯವರಲ್ಲಿ ಪಾಸಾದವರು ಅಲ್ಲೇ ಇರುತ್ತಾರೆ, ಉಳಿದವರು ನೆಲಮಾಳಿಗೆಯ ಒಗೆಯುವ ವಿಭಾಗಕ್ಕೆ.

ಕೋಣೆಯಲ್ಲಿ ಆಗ ಇದ್ದದ್ದು ಇಬ್ಬರೇ. ಬಟ್ಟೆ ಅಕ್ಕ, ಮತ್ತು ಹತ್ತೊಂಬತ್ತು ವರ್ಷಗಳಿಂದ ಕಿಟಕಿ ಪಕ್ಕದ ಹೊಲಿಗೆ ಯಂತ್ರದಲ್ಲಿ ಹರಿದ ಶೀಟುಗಳಿಗೆ ತೇಪೆ ಹಾಕುತ್ತಿದ್ದ ಜೊತೆಗಾತಿ. ಕೆಲಸದಿಂದಲೂ ನಾಲಿಗೆಯಿಂದಲೂ ಆಕೆಗೆ ಬಂದ ಹೆಸರು ಸೂಜಿ. ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದವರು. ಆದೇಶದ ಕಾಗದ ಓದಿದ ದಿನ ಸೂಜಿ ನಕ್ಕು, "ನಡಿ ಅಕ್ಕ, ಇಬ್ಬರೂ ಒಟ್ಟಿಗೆ ಫೇಲಾಗೋಣ," ಎಂದಿದ್ದರಂತೆ.

ಬಟ್ಟೆ ಅಕ್ಕ ಇರುವುದು ತಂಗಿಯ ಜೊತೆ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ತಂಗಿ ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್. ಅವರದೇ ಹಳೆಯ ಲ್ಯಾಪ್‌ಟಾಪ್ ಮುಂದೆ ಕೋರ್ಸ್ ಶುರುವಾಯಿತು. ಶುರುವಾಯಿತು ಅನ್ನುವುದೂ ಹೆಚ್ಚೇ. ಹನ್ನೊಂದು ದಿನ ಬಾಗಿಲಲ್ಲೇ ನಿಂತದ್ದಾಯಿತು.

"ಒಳಗೆ ಹೋಗಬೇಕಾದ್ರೆ ಇ-ಮೇಲ್ ಹಾಕಿ ಅಂತು. ಇ-ಮೇಲ್ ಮಾಡೋದು ಹೇಗೆ ಅನ್ನೋದು ನಾಲ್ಕನೇ ಪಾಠದಲ್ಲಿತ್ತು. ನಾಲ್ಕನೇ ಪಾಠಕ್ಕೆ ಹೋಗೋದು ಹೇಗೆ? ಆಮೇಲೆ ಪಾಸ್‌ವರ್ಡ್. ಒಂದು ದೊಡ್ಡಕ್ಷರ ಬೇಕಂತೆ, ಒಂದು ಅಂಕಿ ಬೇಕಂತೆ, ಒಂದು ಚಿಹ್ನೆ ಬೇಕಂತೆ. ನಾನು ಹಾಕಿದ್ದೆಲ್ಲ ದುರ್ಬಲ, ದುರ್ಬಲ ಅಂತ ಕೆಂಪಗೆ ತೋರಿಸ್ತಿತ್ತು. ನನಗೇ ಹೇಳಿದ ಹಾಗಿತ್ತು."

ಕೀಬೋರ್ಡಿನ ಮೇಲೆ ಅವರಿಗೆ ಇವತ್ತಿಗೂ ಸಿಟ್ಟಿದೆ. "ಎ, ಬಿ, ಸಿ ಅಂತ ಸಾಲಾಗಿ ಇಡೋಕೆ ಏನಾಗಿತ್ತು ಇವರಿಗೆ? ನಾನು ಕಪಾಟನ್ನ ಹೀಗೆ ಇಟ್ಟಿದ್ರೆ ಅವತ್ತೇ ಕೆಲಸದಿಂದ ತೆಗೀತಿದ್ರು." ಮೌಸ್ ಮೇಜಿನ ಅಂಚಿಗೆ ಬಂದಾಗ, ಪರದೆಯ ಮೇಲಿನ ಬಾಣ ಇನ್ನೂ ಅರ್ಧ ದಾರಿಯಲ್ಲೇ ಇರುತ್ತಿತ್ತು. ಮುಂದೆ ಎಲ್ಲಿಗೆ ಒಯ್ಯಬೇಕೆಂದು ತಿಳಿಯದೆ ಅದನ್ನು ಗೋಡೆಗೆ ಹತ್ತಿಸಿ ನೋಡಿದ್ದೂ ಉಂಟು. ಇದನ್ನು ಹೇಳುವಾಗ ನಗುತ್ತಾರೆ. ನಗು ಬೇಗ ನಿಲ್ಲುತ್ತದೆ.

ಹನ್ನೆರಡನೇ ದಿನ ಭಾನುವಾರ. ತಂಗಿ ಸ್ವಲ್ಪ ಹೊತ್ತು ಪಕ್ಕದಲ್ಲಿ ನಿಂತು ನೋಡಿದರು. "ಕೊಡು ಅಕ್ಕ, ನಾನೇ ಒತ್ತಿಬಿಡ್ತೀನಿ. ಯಾರು ನೋಡ್ತಾರೆ?" ಎಂದರು. ಅಕ್ಕ ಕುರ್ಚಿ ಬಿಟ್ಟೆದ್ದು ಅಡುಗೆಮನೆಗೆ ಹೋದರು. ಅವರು ತರಕಾರಿ ಹೆಚ್ಚಿ ಒಲೆಗೆ ಇಟ್ಟು ಇಳಿಸುವಷ್ಟರಲ್ಲಿ ಹನ್ನೆರಡು ಪಾಠವೂ ಪರೀಕ್ಷೆಯೂ ಮುಗಿದಿದ್ದವು. ನೂರಕ್ಕೆ ತೊಂಬತ್ತಾರು.

"ತಂಗೀದು ತಪ್ಪಿಲ್ಲ," ಎಂದು ಅವರು ಎರಡೆರಡು ಸಲ ಹೇಳುತ್ತಾರೆ. "ಅವಳು ಕೊಡು ಅಂದ್ಳು. ಎದ್ದವಳು ನಾನು."

ಆ ಸರ್ಟಿಫಿಕೇಟನ್ನು ಮೇಟ್ರನ್ ಮೇಡಂ ಖುಷಿಯಿಂದ ನೋಟಿಸ್ ಬೋರ್ಡಿಗೆ ಅಂಟಿಸಿದರು. ಇಡೀ ಆಸ್ಪತ್ರೆಯ ಆಯಾ, ವಾರ್ಡ್ ಸಹಾಯಕರ ಪೈಕಿ ಅದೇ ಹೆಚ್ಚಿನ ಅಂಕ. ದಾರಿಯಲ್ಲಿ ಸಿಕ್ಕವರೆಲ್ಲ ಬೆನ್ನು ತಟ್ಟಿದರು. ಬಟ್ಟೆ ಅಕ್ಕ ಆ ಬೋರ್ಡಿನ ಮುಂದೆ ಹಾದುಹೋಗುವುದನ್ನು ತಪ್ಪಿಸಲು ಹಿಂದಿನ ಮೆಟ್ಟಿಲು ಹತ್ತತೊಡಗಿದರು. ಲೆಕ್ಕವನ್ನು ಮೊದಲಿನಂತೆ ಪುಸ್ತಕದಲ್ಲೇ ಬರೆದು, ದಿನಾ ಸಂಜೆ ಮನೆಗೆ ಒಯ್ದು ತಂಗಿಯ ಕೈಲಿ ಆನ್‌ಲೈನ್‌ನಲ್ಲಿ ಹಾಕಿಸುತ್ತಿದ್ದರು.

ಪರೀಕ್ಷೆಗೆ ಸೂಜಿಗೆ ಇದ್ದದ್ದು ಎರಡು ಅವಕಾಶ. ಮೊದಲ ಸಲ ಬಂದದ್ದು ಇಪ್ಪತ್ತೆಂಟು. ಗಡುವಿಗೆ ವಾರ ಉಳಿದಿದ್ದಾಗ ಊಟದ ಹೊತ್ತಲ್ಲಿ ಕೇಳಿದರು: "ಅಕ್ಕ, ನಿನಗೆ ಅಷ್ಟೊಂದು ಹೇಗೆ ಬಂತು? ನನಗೂ ಸ್ವಲ್ಪ ಹೇಳಿಕೊಡು."

ಅದಕ್ಕೆ ತಾನು ಕೊಟ್ಟ ಉತ್ತರವನ್ನು ಹೇಳುವ ಮುಂಚೆ ಬಟ್ಟೆ ಅಕ್ಕ ಕೈಯಲ್ಲಿದ್ದ ಕವರನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು.

"ಮನಸ್ಸಿಟ್ಟು ಕೂತ್ರೆ ಬರುತ್ತೆ ಅಂದೆ. ನಾನೇ ಅಂದದ್ದು, ಈ ಬಾಯಿಂದ. ಗೊತ್ತಿಲ್ಲ ಕಣೇ ಅಂತ ಒಂದು ಮಾತು ಹೇಳಿದ್ರೆ ಮುಗಿದು ಹೋಗ್ತಿತ್ತು. ಅವಳು ಹೌದೇನೋ ಅನ್ನೋ ಹಾಗೆ ತಲೆ ಬಗ್ಗಿಸಿದ್ಳು."

ಎರಡನೇ ಸಲ ಸೂಜಿಗೆ ಬಂದದ್ದು ಮೂವತ್ತೊಂದು. ಮುಂದಿನ ಸೋಮವಾರ ಅವರನ್ನು ನೆಲಮಾಳಿಗೆಗೆ ಕಳಿಸಿದರು. ಅಲ್ಲಿ ಕಿಟಕಿಯಿಲ್ಲ. ಒಗೆಯುವ ಯಂತ್ರಗಳ ಹಬೆ, ಕಾಲಡಿ ಸದಾ ಒದ್ದೆ ನೆಲ, ಎಂಟು ಗಂಟೆ ನಿಂತೇ ಕೆಲಸ. ಹೊಲಿಗೆ ಯಂತ್ರಕ್ಕೆ ಮುಸುಕು ಬಿತ್ತು. ದಿನಾ ಬೆಳಿಗ್ಗೆ ಕೆಳಗಿನಿಂದ ಬರುವ ಗಾಡಿಯ ಶೀಟುಗಳನ್ನು ಮಡಿಸಿದ್ದು ಯಾರ ಕೈ ಎಂದು ಬಟ್ಟೆ ಅಕ್ಕನಿಗೆ ಮಡಿಕೆ ನೋಡಿದರೇ ತಿಳಿಯುತ್ತಿತ್ತು. ಹತ್ತು ವಾರ ಹಾಗೇ ಕಳೆಯಿತು.

ಆಮೇಲೆ ಒಂದು ಮಧ್ಯಾಹ್ನ ಮೇಟ್ರನ್ ಕರೆಸಿದರು. ಫೇಲಾದ ಹದಿನಾಲ್ಕು ಜನಕ್ಕೆ ಮೂರನೇ ಅವಕಾಶ ಕೊಡುತ್ತಿದ್ದಾರೆ, ಅವರಿಗೆ ಮೊದಲ ಪಾಠ ತೋರಿಸಿಕೊಡಬೇಕು, ತೊಂಬತ್ತಾರು ತೆಗೆದವರಿಗಿಂತ ಇನ್ಯಾರು ಬೇಕು ಎಂದರು. ಬಟ್ಟೆ ಅಕ್ಕ ಒಪ್ಪಿಕೊಂಡರು.

ತರಬೇತಿ ಕೋಣೆಯಲ್ಲಿ ಗೋಡೆಯ ಮೇಲೆ ದೊಡ್ಡದಾಗಿ ಪರದೆ. ಎರಡನೇ ಸಾಲಿನಲ್ಲಿ ಸೂಜಿ, ಒದ್ದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದರು. ಮಡಿಲಲ್ಲಿ ನೋಟ್‌ಬುಕ್, ಕೈಯಲ್ಲಿ ಪೆನ್ನು. ಬಟ್ಟೆ ಅಕ್ಕ ಮೌಸ್ ಹಿಡಿದರು. ಬಾಣ ಅಲ್ಲಿ ಇಲ್ಲಿ ಓಡಾಡಿತು. ಒಂದು ಕಡೆ ಒತ್ತಿದರೆ ಇನ್ನೇನೋ ತೆರೆಯಿತು. "ಮೌಸ್ ಕೆಟ್ಟಿದೆ," ಎಂದರು. ಕಂಪ್ಯೂಟರ್ ವಿಭಾಗದವನೊಬ್ಬ ಬಂದು ನೋಡಿ, "ಚೆನ್ನಾಗೇ ಇದೆಯಲ್ಲ," ಎಂದು ಹೋದ. ಎಲ್ಲರೂ ತಾಳ್ಮೆಯಿಂದ ಕಾಯುತ್ತಿದ್ದರು. ಯಾರಿಗೂ ಇನ್ನೂ ಅನುಮಾನ ಬಂದಿರಲಿಲ್ಲ. ಕೈಗೆ ನೋವಾಗಿದೆ ಎಂದು ಹೇಳಿ ಹೊರಗೆ ನಡೆಯಬಹುದಿತ್ತು.

"ಸೂಜಿ ನೋಟ್‌ಬುಕ್ ತೆಗೆದು ಮೇಲ್ಗಡೆ ತಾರೀಕು ಬರೆದಿದ್ಳು," ಎನ್ನುತ್ತಾರೆ ಅವರು. "ನಾನು ಏನೋ ಹೇಳ್ತೀನಿ, ಬರ್ಕೊಳ್ಳೋಣ ಅಂತ. ಅದನ್ನ ನೋಡಿದ ಮೇಲೆ ನನಗೆ ಸುಳ್ಳು ಹೇಳೋಕೆ ಆಗಲಿಲ್ಲ."

ಅವರು ಮೌಸ್ ಕೆಳಗಿಟ್ಟು ಹೇಳಿದ್ದು ಮೂರೇ ಮಾತು. "ಕೋರ್ಸ್ ಮಾಡಿದ್ದು ನಾನಲ್ಲ. ನನ್ನ ತಂಗಿ. ನನಗೆ ಇದು ಏನೂ ಬರಲ್ಲ."

ಯಾರೋ ಹಿಂದೆ ಕೆಮ್ಮಿದರು. ಸೂಜಿ ಪೆನ್ನಿನ ಮುಚ್ಚಳ ಹಾಕಿ, ನೋಟ್‌ಬುಕ್ ಮಡಚಿ, ಯಾರ ಮುಖವನ್ನೂ ನೋಡದೆ ಎದ್ದು ಹೋದರು.

ಸರ್ಟಿಫಿಕೇಟ್ ರದ್ದಾಯಿತು. ಎಚ್ಚರಿಕೆಯ ಪತ್ರ ಬಂತು, ಅದನ್ನೂ ಅದೇ ಬೋರ್ಡಿಗೆ ಹಾಕಿದರು. ಬಟ್ಟೆ ಅಕ್ಕ ಆವತ್ತಿನಿಂದ ಮುಂದಿನ ಮೆಟ್ಟಿಲಲ್ಲೇ ಓಡಾಡತೊಡಗಿದರು. ತಾನು ಕೆಳಗೆ ಹೋಗುತ್ತೇನೆ, ಸೂಜಿಯನ್ನು ಮೇಲೆ ಕರೆಸಿ ಎಂದು ಮೇಟ್ರನ್ನರನ್ನು ಕೇಳಿಕೊಂಡರು. ಮೇಟ್ರನ್ ನೇರ ಮಾತಿನವರು. "ನಿಮ್ಮನ್ನ ಕೆಳಗೆ ಕಳಿಸಿದ್ರೆ ನಾಳೆ ಥಿಯೇಟರ್ ನಡೆಯಲ್ಲ. ಅದು ನಿಮಗೂ ಗೊತ್ತು. ಎರಡು ತಿಂಗಳು ಕೊಡ್ತೀನಿ. ಇಲ್ಲೇ, ನನ್ನ ಕಣ್ಣೆದುರಲ್ಲಿ ಕಲಿತು ತೋರಿಸಿ," ಎಂದರು.

ಹಾಗೆ ಮತ್ತೆ ಮೊದಲ ಪಾಠ. ದಿನಾ ಬೆಳಿಗ್ಗೆ ಐದಕ್ಕೆ ಬಂದು, ಗಾಡಿ ಬರುವ ಮುಂಚೆ ಅರ್ಧ ಗಂಟೆ. ಮೊದಮೊದಲು ಬಾಗಿಲು ಮುಂದೆ ಮಾಡಿಕೊಂಡು ಕೂರುತ್ತಿದ್ದರಂತೆ. ಒಂದು ವಾರ ಆದಮೇಲೆ ಎದ್ದು ಹೋಗಿ ಪೂರ್ತಿ ತೆರೆದಿಟ್ಟರು. ಮೌಸನ್ನು ಎತ್ತಿ ಮತ್ತೆ ಮೇಜಿನ ನಡುವೆ ಇಡಬಹುದು ಎಂದು ತಿಳಿದದ್ದು ನಾಲ್ಕನೇ ದಿನ. ಇ-ಮೇಲ್ ಪಾಠ ಮುಗಿದ ಮೇಲೆ ಅವರು ಬರೆದ ಮೊದಲ ಪತ್ರ ಮೇಟ್ರನ್ ಮೇಡಂಗೆ. ಆರು ಸಾಲು, ಒಂದೂವರೆ ಗಂಟೆ. ಹರಿದ ಶೀಟುಗಳು ನೂರ ತೊಂಬತ್ತು ಬಿದ್ದಿವೆ, ತೇಪೆ ಹಾಕಲು ಕಂಪ್ಯೂಟರ್ ಬರಬೇಕಾಗಿಲ್ಲ, ದಯವಿಟ್ಟು ಹೊಲಿಗೆಯವರನ್ನು ವಾಪಸ್ ಕಳಿಸಿ ಎಂದಿತ್ತು ಅದರಲ್ಲಿ. ಹದಿನೈದು ದಿನಕ್ಕೆ ಆದೇಶ ಬಂತು.

ಈಗ ಕಿಟಕಿ ಪಕ್ಕದಲ್ಲಿ ಯಂತ್ರ ಮತ್ತೆ ಓಡುತ್ತಿದೆ. ನಾನು ಹೋದ ದಿನಗಳಲ್ಲಿ ಇಬ್ಬರ ನಡುವೆ ಕೇಳಿದ ಮಾತು ಇಷ್ಟೇ. "ಎಷ್ಟು?" "ಹದಿನೆಂಟು." ಊಟದ ಡಬ್ಬಿ ಬೇರೆ ಬೇರೆ. ಸೂಜಿಯನ್ನು ಮಾತಾಡಿಸಿದೆ. ಯಂತ್ರ ನಿಲ್ಲಿಸದೆಯೇ ಅವರು ಅಂದರು: "ಬರಲ್ಲ ಅಂದ್ರೆ ಅದರಲ್ಲೇನಿದೆ, ನನಗೂ ಬರಲ್ಲ. ತಂಗಿ ಕೈಲಿ ಮಾಡಿಸಿದ್ದಕ್ಕೂ ನನಗೆ ಸಿಟ್ಟಿಲ್ಲ. ಮನಸ್ಸಿಟ್ಟು ಕೂತ್ರೆ ಬರುತ್ತೆ ಅಂದ್ಳಲ್ಲ. ಆ ವಾರವೆಲ್ಲ ನಾನು ಮನಸ್ಸಿಟ್ಟು ಕೂತಿದ್ದೆ." ಆಮೇಲೆ ದಾರ ಕಚ್ಚಿ ತುಂಡರಿಸಿ, ಮುಂದಿನ ಶೀಟು ಎಳೆದುಕೊಂಡರು.

ಹೋದ ತಿಂಗಳು ಬಟ್ಟೆ ಅಕ್ಕ ಮೇಟ್ರನ್ನರ ಎದುರಲ್ಲೇ ಪರೀಕ್ಷೆ ಬರೆದರು. ಅರವತ್ತೊಂದು ಬಂತು. ಆ ಸರ್ಟಿಫಿಕೇಟನ್ನು ಬೋರ್ಡಿಗೆ ಹಾಕುವುದು ಬೇಡ ಎಂದು ಕೇಳಿಕೊಂಡು ತೆಗೆದುಕೊಂಡರು. ಈಗ ಗಾಡಿಯ ಲೆಕ್ಕವನ್ನು ಎರಡೇ ಬೆರಳಲ್ಲಿ, ಒಂದೊಂದೇ ಅಂಕಿ ಹುಡುಕಿ, ತಾವೇ ಕಂಪ್ಯೂಟರಿಗೆ ಏರಿಸುತ್ತಾರೆ.

ಹೊರಡುವಾಗ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದೆ. ಅವರು ಕಿಟಕಿಯ ಕಡೆ ನೋಡಿದರು. ಯಂತ್ರದ ಸದ್ದಿಗೆ ಇಲ್ಲಿನ ಮಾತು ಅಲ್ಲಿಗೆ ಕೇಳುವುದಿಲ್ಲ ಎಂಬುದನ್ನು ಖಾತ್ರಿ ಮಾಡಿಕೊಂಡಂತಿತ್ತು.

"ಅವಳು ಒಂದಿನ ನನಗೆ ಚೆನ್ನಾಗಿ ಬೈಲಿ," ಎಂದರು. "ಎಲ್ಲರ ಮುಂದೆ ಬೈದ್ರೂ ಪರವಾಗಿಲ್ಲ. ಬೈದ್ರೆ ಮಾತಾಡಿಸಿದ ಹಾಗಾಗುತ್ತಲ್ಲ."