ರೇಡಿಯೇಟರಿಗೆ ಬಿದ್ದ ಅರಿಶಿನ

ಮೊದಲು ತಪ್ಪೊಪ್ಪಿಕೊಂಡುಬಿಡುತ್ತೇನೆ, ಆಮೇಲೆ ಮಾತು ಸಲೀಸು. ನಮ್ಮ ಮನೆಯ ಕಾರಿನ ರೇಡಿಯೇಟರಿಗೆ ನಾನು ಅರಿಶಿನ ಹಾಕಿದ್ದೇನೆ. ಚಿಟಿಕೆಯಲ್ಲ, ಒಂದು ಪೊಟ್ಟಣ. ಅದೂ ಗೃಹಪ್ರವೇಶದ ತಾಂಬೂಲದಲ್ಲಿ ಕೊಟ್ಟ ಪೂಜೆಯ ಅರಿಶಿನ. ಹಾಕಿ ಮೂರು ವಾರ ಯಾರಿಗೂ ಹೇಳದೆ ಇದ್ದೆ. ಸಾರಿಗೆ ಎರಡು ಸಲ ಉಪ್ಪು ಬಿದ್ದರೆ ಉಂಡವರು ಮುಖ ನೋಡಿ ಹೇಳುತ್ತಾರೆ. ಎಂಜಿನ್ನಿಗೆ ಬಾಯಿಲ್ಲ, ಏನು ಕೊಟ್ಟರೂ ಕುಡಿದು ಸುಮ್ಮನಿರುತ್ತದೆ ಎಂದುಕೊಂಡಿದ್ದೆ. ಹಾಗಲ್ಲ ಎಂದು ಆಮೇಲೆ ತಿಳಿಯಿತು.

ನಾನು ಗುಂಡ್ಲುಪೇಟೆ ಕಡೆಯವಳು. ಮದುವೆಯಾಗಿ ಬೆಟ್ಟ ಹತ್ತಿ ಊಟಿ ಪಕ್ಕದ ಈ ಹಟ್ಟಿಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಮನೆಯ ಹಿಂದೆ ಒಂದಿಷ್ಟು ಚಹಾ ಗಿಡ, ಮುಂದೆ ಒಂದು ಹಳೆಯ ಕಾರು. ನಮ್ಮ ಮನೆಯವರು ಅರವಂಕಾಡಿಗೆ ಕೆಲಸಕ್ಕೆ ಹೋಗಿಬರುವುದು ಅದರಲ್ಲೇ. ಕಾರಿನ ಬಗ್ಗೆ ನನಗಿದ್ದ ತಿಳಿವಳಿಕೆ ಇಷ್ಟೇ: ಬಾಗಿಲು ಮೆತ್ತಗೆ ಹಾಕಬೇಕು, ಸೀಟಿನ ಮೇಲೆ ಎಣ್ಣೆ ತಿಂಡಿ ಇಡಬಾರದು.

ಆ ದಿನ ಗೂಡಲೂರಿನಲ್ಲಿ ನೆಂಟರ ಗೃಹಪ್ರವೇಶ ಮುಗಿಸಿ ವಾಪಸು ಹತ್ತುತ್ತಿದ್ದೆವು. ನಡುವಟ್ಟಂ ಇನ್ನೇನು ಬಂತು ಅನ್ನುವಾಗ ಬಿಸಿ ತೋರಿಸುವ ಮುಳ್ಳು ಮೇಲಕ್ಕೆ ಏರಿತು. ಬಾನೆಟ್ಟಿನ ಸಂದಿಯಿಂದ ಇಡ್ಲಿ ಪಾತ್ರೆಯ ಹಾಗೆ ಆವಿ ಬಂತು. ಮನೆಯವರು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಕ್ಯಾನು ಹಿಡಿದು ನೀರು ಹುಡುಕಲು ಹೋದರು. ಅಷ್ಟರಲ್ಲಿ ಸೊಪ್ಪಿನ ಲಾರಿಯೊಂದು ನಿಂತಿತು. ಅದರ ಡ್ರೈವರ್ ಇಳಿದುಬಂದು ನೋಡಿ, "ಮಂಜಳ್ ಪೊಡಿ ಇದೆಯಾ ಅಮ್ಮಾ? ತಣ್ಣಗಾದ ಮೇಲೆ ಸ್ವಲ್ಪ ಹಾಕಿ. ಸಣ್ಣ ತೂತಾದರೆ ಅಡೈಚ್ಚಿಡುತ್ತೆ, ಮುಚ್ಚಿಹೋಗುತ್ತೆ" ಎಂದು ಹೇಳಿ ಹೊರಟುಹೋದ. ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಬೆರಳು ಕುಯ್ದರೆ ಅರಿಶಿನ, ಕೆಮ್ಮಿದರೆ ಅರಿಶಿನ, ತೂತಾದ ಬಿಂದಿಗೆಗೆ ಬಟ್ಟೆ ಸೋಪು. ಇಂಥ ವೈದ್ಯದಲ್ಲೇ ಬೆಳೆದವಳು ನಾನು. ಅರ್ಧ ಗಂಟೆ ಕಾದು, ಸೆರಗು ಸುತ್ತಿ ಮುಚ್ಚಳ ತೆಗೆದು, ಶಿವಾ ಅನ್ನುತ್ತ ಪೊಟ್ಟಣವನ್ನೇ ಬರಿದು ಮಾಡಿದೆ. ಸ್ವಲ್ಪಕ್ಕೆ ಸ್ವಲ್ಪ ಫಲವಾದರೆ ಪೂರ್ತಿಗೆ ಪೂರ್ತಿ ಫಲ ಎಂಬುದು ನನ್ನ ಲೆಕ್ಕ. ಮನೆಯವರು ನೀರು ತಂದು ತುಂಬಿಸಿದರು. ಕಾರು ಮನೆ ಮುಟ್ಟಿತು. ಪುಣ್ಯವೆಲ್ಲ ನನ್ನದೇ ಎಂದು ಒಳಗೊಳಗೇ ಬೀಗಿದೆ, ಬಾಯಿ ಬಿಡಲಿಲ್ಲ.

ಆದರೆ ಸೋರಿಕೆ ನಿಂತಿರಲಿಲ್ಲ. ದಿನಾ ಬೆಳಿಗ್ಗೆ ನೋಡಿದರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಲೆಂಟು, ಅಂದರೆ ಎಂಜಿನ್ ತಣ್ಣಗಿಡುವ ನೀರು, ಒಂದು ಬೆರಳು ಇಳಿದಿರುತ್ತಿತ್ತು. ನೆಲದ ಮೇಲೆ ಮಾತ್ರ ಒಂದು ಹನಿ ಇಲ್ಲ. ಮನೆಯವರು ನೀರು ಸೇರಿಸುತ್ತಿದ್ದರು. ಒಳಗೆ ನಾನು ಲಿಂಗಕ್ಕೆ ನೀರೆರೆಯುವ ಹೊತ್ತು, ಹೊರಗೆ ಅವರು ಕಾರಿಗೆ ಎರೆಯುವ ಹೊತ್ತು, ಎರಡೂ ಒಂದೇ. ನನ್ನ ನೀರು ತಟ್ಟೆಯಲ್ಲಿ ಕಾಣುತ್ತಿತ್ತು. ಅವರದು ಎಲ್ಲಿಗೆ ಹೋಗುತ್ತಿತ್ತೋ ಆ ಶಿವನಿಗೇ ಗೊತ್ತು.

ಇದೆಲ್ಲ ಬೇರೆ ಕಾಲದಲ್ಲಿ ಆಗಿದ್ದರೆ ಇಷ್ಟು ಚಿಂತೆ ಇರುತ್ತಿರಲಿಲ್ಲ. ನಮ್ಮ ಅತ್ತೆಗೆ, ಇಲ್ಲಿಯ ಮಾತಿನಲ್ಲಿ ಮಾಮಿಗೆ, ಎರಡು ಕಣ್ಣಿಗೂ ಪೊರೆ ಬಂದಿತ್ತು. ಅವರು ದಿನಾ ಬೆಳಿಗ್ಗೆ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣು ಕೀಲಿಸಿ ಕೂರುವವರು. ಎಪ್ಪತ್ತು ವರ್ಷದಿಂದ ಒಂದು ದಿನ ತಪ್ಪಿಲ್ಲ. ಕಳೆದ ವರ್ಷ ಒಂದು ದಿನ ಪೂಜೆಯಿಂದ ಎದ್ದು, "ಕೈಯಲ್ಲಿ ಇರುವುದು ಲಿಂಗವೋ ಮಂಜೋ ತಿಳಿಯುವುದಿಲ್ಲೆ, ಕೂಸೇ" ಅಂದರು. ಅಳಲಿಲ್ಲ. ಮಜ್ಜಿಗೆಗೆ ಉಪ್ಪು ಸಾಲದು ಅನ್ನುವ ದನಿಯಲ್ಲಿ ಅಂದರು. ನನಗೆ ಆ ಹೊತ್ತಿನ ಅಡಿಗೆ ಮಾಡಲು ಕೈ ಏಳಲಿಲ್ಲ.

ಆಪರೇಷನ್ನಿಗೆ ಕೊಯಮತ್ತೂರಿಗೆ ಹೋಗಬೇಕು. ಮಾಮಿ ಎರಡು ಸಲ ಹೊರಟು ಎರಡು ಸಲವೂ ನಿಂತಿದ್ದರು. ಮೊದಲ ಸಲ ಹಟ್ಟಿಯ ದಾರಿಗೆ ಅಡ್ಡವಾಗಿ ಕಾಟಿಯೊಂದು ನಿಂತಿತ್ತು. ಕಾಡೆಮ್ಮೆ ಇಲ್ಲಿ ಚಹಾ ತೋಟದೊಳಗೆ ದಿನಾ ಅಡ್ಡಾಡುತ್ತದೆ, ಅದಕ್ಕೆ ನಮ್ಮ ಪ್ರಯಾಣದ ಸುದ್ದಿ ಯಾರು ಹೇಳಿದ್ದರು? ಆದರೂ ಮಾಮಿ, "ದೇವರು ಬೇಡ ಅಂದ. ನಾ ಬಾರೆ" ಎಂದು ಇಳಿದುಬಿಟ್ಟರು. ಎರಡನೆಯ ಸಲ ಹೊರಡುವ ಮುಂಚೆ ದೀಪ ಆರಿತು. ಅದು ಆರಿದ್ದು ಕಿಟಕಿಯ ಚಿಲಕ ಮುರಿದದ್ದರಿಂದ, ಚಿಲಕ ಮುರಿದೇ ಇದ್ದದ್ದು ಅವರ ಮಗನ ಸೋಮಾರಿತನದಿಂದ. ಇದನ್ನು ನಾನು ಎರಡು ವರ್ಷದಿಂದ ಹೇಳುತ್ತಿದ್ದೇನೆ. ಮಾಮಿಗೆ ಮಾತ್ರ ಅದೂ ದೇವರ ಮಾತೇ ಆಯಿತು.

ಈ ಸಲ ಏನಾಯಿತೋ, ರಕ್ತ ಪರೀಕ್ಷೆಗೆ ಊಟಿಗೆ ಹೋಗಿಬಂದ ದಿನ ಮಾಮಿ ತಾವಾಗಿಯೇ, "ಶುಕ್ರವಾರ ಹೋಗುವ" ಅಂದರು. ಯಾರೂ ಒತ್ತಾಯ ಮಾಡಿರಲಿಲ್ಲ. ನಾವಿಬ್ಬರೂ ಕಾರಣ ಕೇಳಲಿಲ್ಲ, ಕೇಳಿದರೆ ಎಲ್ಲಿ ಮನಸ್ಸು ತಿರುಗುತ್ತದೋ ಎಂದು. ಬಾಡಿಗೆ ಕಾರು ಅವರಿಗೆ ಆಗದು. ಮಗ ಓಡಿಸಿದರೆ ಮಾತ್ರ ಘಾಟಿಯಲ್ಲಿ ಅವರ ಹೊಟ್ಟೆ ನೆಟ್ಟಗಿರುತ್ತದೆ. ಇನ್ನು ಕೊನೆ ಗಳಿಗೆಯಲ್ಲಿ ಕಾರು ಕೆಟ್ಟಿದೆ ಅಂದರೆ ಅದು ಮೂರನೆಯ ಅಪಶಕುನ. ಮೂರಾದ ಮೇಲೆ ಆ ಕಣ್ಣು ಹಾಗೇ ಮುಚ್ಚಿಹೋಗುವುದು ಖಂಡಿತ.

ಸೋಮವಾರ ಮನೆಯವರು ಕಾರನ್ನು ಊಟಿಯಲ್ಲಿ ಒಬ್ಬ ಮೆಕ್ಯಾನಿಕ್ಕಿಗೆ ತೋರಿಸಿದರು. ಆತ ಹಿಂದಿನ ಕೊಳವೆಯಿಂದ ಬರುವ ಬಿಳಿ ಹೊಗೆ ನೋಡಿ, ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂದನಂತೆ. ಅಂದರೆ ಎಂಜಿನ್ನಿನ ಎರಡು ಭಾಗಗಳ ನಡುವೆ ಇಡುವ ತೆಳು ಹಾಳೆ. ಅದು ಹಾಳಾದರೆ ನೀರು ಒಳಗೇ ನುಗ್ಗಿ, ಸುಟ್ಟು ಹೊಗೆಯಾಗುತ್ತದಂತೆ. ಎಂಜಿನ್ ಬಿಚ್ಚಬೇಕು, ಹತ್ತು ದಿನ ಬೇಕು. ಕೊಯಮತ್ತೂರಿಗೆ ಇಳಿಯುವಾಗ ಹೇಗೋ ಇಳಿದೀತು, ಎಂಜಿನ್ ಕಾಯುವುದು ವಾಪಸು ಹತ್ತುವಾಗ. ಆಪರೇಷನ್ ಆದ ಕಣ್ಣನ್ನು ಕೂರಿಸಿಕೊಂಡು ಘಾಟಿಯ ತಿರುವಿನಲ್ಲಿ ನಿಲ್ಲಲು ಆಗುತ್ತದೆಯೇ? ಮನೆಯವರು ಇದನ್ನೆಲ್ಲ ಅಡಿಗೆಮನೆಗೆ ಬಂದು ಪಿಸುದನಿಯಲ್ಲಿ ಹೇಳಿದರು. ನನಗೆ ಕೇಳಿಸಿದ್ದು ಒಂದೇ ಮಾತು: ಅರಿಶಿನ. ಅದನ್ನು ಅವರು ಹೇಳಲೇ ಇಲ್ಲ, ಆದರೂ ಕೇಳಿಸಿತು. ಹಾಳೆ ಹಾಳಾದದ್ದು ನನ್ನ ಪೊಟ್ಟಣದಿಂದಲೇ ಎಂದು ನಿಶ್ಚಯವಾಯಿತು. ಆ ಸಂಜೆ ಪೂಜೆಗೆ ಕೂತರೆ ಶಿವನ ಮುಖವೇ ಬಾನೆಟ್ಟಿನ ಹಾಗೆ ಕಂಡಿತು.

ಇನ್ನೊಬ್ಬರಿಗೂ ತೋರಿಸೋಣವೆಂದು ಮನೆಯವರು ಕರೆಸಿದ ಹಂಸಣ್ಣ ಮಂಗಳವಾರ ಮನೆಗೇ ಬಂದ. ಗೂಡಲೂರಿನವನು, ಮನೆಮಾತು ಮಲಯಾಳ. ಇಲ್ಲಿ ಗಾಡಿ ರಿಪೇರಿ ಮಾಡುತ್ತ ಎಲ್ಲ ಭಾಷೆಯನ್ನೂ ಒಂದೇ ಡಬ್ಬಿಯಲ್ಲಿ ಹಾಕಿಕೊಂಡಿದ್ದಾನೆ. ಮಾಮಿಗೆ ನಾವು ಹೇಳಿದ್ದು, ಎಣ್ಣೆ ಬದಲಾಯಿಸಲು ಬಂದಿದ್ದಾನೆ ಎಂದು.

ಬಿಳಿ ಹೊಗೆಯ ಮಾತು ಕೇಳಿ ಹಂಸಣ್ಣ ನಕ್ಕ. ಹಿಮ ಬೀಳುವ ದಿನಗಳು, ಹುಲ್ಲು ಬೆಳ್ಳಗಿತ್ತು. "ಸಾರ್, ಈ ಚಳೀಲಿ ಹೊಗೆ ನೋಡಿ ಕಾಯಿಲೆ ಹೇಳಿದ್ರೆ ಹೇಗೆ? ನನ್ನ ಬಾಯಲ್ಲೂ ಬರ್ತಿದೆ ನೋಡಿ. ನನ್ನ ಗ್ಯಾಸ್ಕೆಟ್ಟೂ ಹೋಯ್ತಾ?" ಎಂದ. ಎಣ್ಣೆ ನೋಡುವ ಕಡ್ಡಿ ಎಳೆದು ನನ್ನ ಕಡೆ ಹಿಡಿದ. "ನೀರು ಒಳಗೆ ಹೋಗಿದ್ರೆ ಇದು ಹಾಲು ಕಾಪಿ ಥರ ಇರ್ಬೇಕು ಅಕ್ಕಾ. ಇದು ಕಟ್ಟನ್ ಕಾಪಿ. ಕರಿ. ಒಳಗೆ ಏನೂ ಆಗಿಲ್ಲ."

ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಅವನು ರೇಡಿಯೇಟರಿನ ಮುಚ್ಚಳ ತೆಗೆದು ಬೆರಳು ಅದ್ದಿದ. ಮೂಸಿದ. ಇನ್ನೊಮ್ಮೆ ಮೂಸಿದ. "ಇದಕ್ಕೆ ಮಂಜಳ್ ಹಾಕಿದ್ದು ಯಾರು?"

"ಮಂಜಳಾ? ಕೂಲೆಂಟಿನ ಬಣ್ಣ ಇರಬೇಕು" ಅಂದರು ಮನೆಯವರು, ಪಾಪ.

"ನಾನು" ಅಂದೆ. ಒಂದೇ ಮಾತು. ಮೂರು ವಾರ ಹೊತ್ತದ್ದು ಇಷ್ಟು ಹಗುರವೇ ಅನ್ನಿಸಿತು. ಆಮೇಲೆ ಲಾರಿ, ಪೊಟ್ಟಣ, ಎಲ್ಲ ಹೇಳಿದೆ.

ಮನೆಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಷ್ಟೇನಾ, ಇಲ್ಲ ಸಾಸಿವೆ ಒಗ್ಗರಣೆನೂ ಹಾಕಿದ್ದೀಯಾ?"

"ಬಯ್ಬೇಡಿ ಸಾರ್" ಎಂದ ಹಂಸಣ್ಣ, ಟಾರ್ಚು ಹಚ್ಚುತ್ತ. "ಮಂಜಳ್ ಸುಮ್ನೆ ಹೋಗಲ್ಲ. ಹೋದ ದಾರೀಲಿ ಹೆಸರು ಬರೆದು ಹೋಗುತ್ತೆ." ಎಂಜಿನ್ನಿನ ಪಕ್ಕಕ್ಕೆ ತಲೆ ತೂರಿಸಿ ತುಸು ಹೊತ್ತು ಹುಡುಕಿದ. ಆಮೇಲೆ ನನ್ನನ್ನು ಕರೆದು ತೋರಿಸಿದ. ನೀರನ್ನು ಓಡಾಡಿಸುವ ಪಂಪಿನ ಅಡಿಯಿಂದ ಒಂದು ಕೆಂಪು ಗೆರೆ ಇಳಿದಿತ್ತು, ಹಣೆಯಿಂದ ಬೆವರಿಗೆ ಕರಗಿದ ಕುಂಕುಮದಂತೆ.

"ಇದೇ ಜಾಗ. ಆದ್ರೆ ಕೆಂಪು ಯಾಕಾಯ್ತು?" ಎಂದು ಅವನೇ ಕೇಳಿದ. ಅಷ್ಟು ಹೊತ್ತಿನಲ್ಲಿ ನನಗೆ ಗೊತ್ತಿದ್ದ ಒಂದೇ ವಿಷಯ ಅದು. ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ; ಮದುಮಕ್ಕಳಿಗೆ ಆರತಿ ಎತ್ತುವ ನೀರು ಮಾಡುವುದೇ ಹಾಗೆ. ಕೂಲೆಂಟಿನಲ್ಲೂ ಸುಣ್ಣದಂಥ ಖಾರದ್ದೇನೋ ಇರಬೇಕು, ಒಳಗೆ ತೆಳುವಾಗಿ ಹಳದಿ, ಇಲ್ಲಿ ಆರಿ ಗಟ್ಟಿಯಾಗಿ ಕೆಂಪು ಅಂದೆ. ಹಂಸಣ್ಣ ತಲೆಯಾಡಿಸಿದ. ಸೋರಿದ ನೀರು ಬಿಸಿ ಎಂಜಿನ್ನಿನ ಮೇಲೇ ಆರಿಹೋಗುತ್ತಿತ್ತು, ಅದಕ್ಕೇ ನೆಲಕ್ಕೆ ಹನಿ ಬೀಳಲಿಲ್ಲ. ಬರಿಯ ನೀರಾಗಿದ್ದರೆ ಕಲೆಯೂ ಉಳಿಯುತ್ತಿರಲಿಲ್ಲ.

"ಹಾಗಾದರೆ ಅವತ್ತು ಮನೆ ಮುಟ್ಟಿಸಿದ್ದು ಅರಿಶಿನವೇ ಅಲ್ಲವೇ?" ಎಂದು ಆಸೆಯಿಂದ ಕೇಳಿದೆ.

"ಅಲ್ಲ ಅಕ್ಕಾ. ಸಾರ್ ತಂದ ನೀರು" ಎಂದ. ಮನೆಯವರು ಕೆಮ್ಮಿದರು.

ಆಮೇಲೆ ಅವನು ತೋರಿಸಿದ ಇನ್ನೊಂದನ್ನು ನಾನು ಈಗಲೂ ಕೆಲಸದ ನಡುವೆ ನೆನೆಯುತ್ತೇನೆ. ಪಂಪಿನ ಹೊಟ್ಟೆಯಲ್ಲಿ ಕಡಲೆಕಾಳಿನಷ್ಟು ಒಂದು ತೂತು. ಅದು ಒಡೆದದ್ದಲ್ಲ, ಮಾಡಿದವರೇ ಇಟ್ಟದ್ದು. ಒಳಗಿನ ಸೀಲು ಸವೆದಾಗ ನೀರು ಬೇರಿಂಗಿನೊಳಕ್ಕೆ ನುಗ್ಗದೆ ಆ ತೂತಿನಿಂದ ಹೊರಗೆ ಬರಲಿ, ನೋಡಿದವರಿಗೆ ತಿಳಿಯಲಿ ಎಂದು. ಕೆಲವರು ಸೋರುತ್ತದೆ ಎಂದು ಆ ತೂತನ್ನೇ ಅಂಟು ಹಾಕಿ ಮುಚ್ಚುತ್ತಾರಂತೆ, ಆಗ ಪಂಪು ಪೂರ್ತಿ ಹೋಗುತ್ತದಂತೆ. ನನಗೆ ನನ್ನ ಮೂರು ವಾರದ ಮೌನ ನೆನಪಾಯಿತು. ಮಾಮಿ ಮಂಜಿನ ಮಾತು ಆಡಿದ್ದೂ ನೆನಪಾಯಿತು. ಅವರು ಆಡಿದ್ದು ಆ ಒಂದೇ ಮಾತು, ಅದೂ ಉಪ್ಪಿನ ಮಾತಿನಂತೆ. ಅಷ್ಟು ಸಣ್ಣ ತೂತಿನಿಂದ ಬಂದದ್ದು ನಮಗೆ ಕೇಳಿಸಿತಲ್ಲ, ಅದು ದೊಡ್ಡ ಪುಣ್ಯ.

ಹೊಸ ಪಂಪು ಬುಧವಾರ ಕೊಯಮತ್ತೂರಿನಿಂದ ಬಸ್ಸಿನಲ್ಲಿ ಬಂತು. ಹಂಸಣ್ಣ ಹಳೆಯದನ್ನು ಬಿಚ್ಚಿ, ಹೊಸದನ್ನು ಕೂರಿಸಿ, ಒಳಗೆ ಉಳಿದ ನೀರನ್ನು ಬಿಟ್ಟ. ಹಳದಿ ನೀರು. ತೊಳೆದ, ಮತ್ತೆ ಹಳದಿ. ಐದು ಸಲ ತೊಳೆದ ಮೇಲೆ ತಿಳಿಯಾಯಿತು. ಪ್ರತಿ ಸಲವೂ ಮನೆಯವರು ನನ್ನ ಕಡೆ ನೋಡಿದರು, ಪ್ರತಿ ಸಲವೂ ನಾನು ಚಹಾ ಗಿಡಗಳ ಕಡೆ ನೋಡಿದೆ. ಕೊನೆಗೆ ಹಸಿರು ಕೂಲೆಂಟು ತುಂಬಿ, ಎಂಜಿನ್ ಚಾಲೂ ಮಾಡಿ, ಮುಳ್ಳು ನಡುವಿಗೆ ಬಂದು ನಿಲ್ಲುವ ತನಕ ಕಾದು ಹೋದ.

ಶುಕ್ರವಾರ ಕಾಟಿ ಬರಲಿಲ್ಲ, ದೀಪ ಆರಲಿಲ್ಲ. ಚಿಲಕಕ್ಕೆ ನಾನೇ ತಂತಿ ಕಟ್ಟಿದ್ದೆ. ಅಂದೇ ಬಲಗಣ್ಣಿನ ಆಪರೇಷನ್ ಆಯಿತು, ಮರುದಿನ ಪಟ್ಟಿ ಬಿಚ್ಚಿದರು. ಕಪ್ಪು ಕನ್ನಡಕ ಹಾಕಿಸಿಕೊಂಡು ಮಾಮಿ ಮುಂದಿನ ಸೀಟಿನಲ್ಲಿ ಕೂತರು. ಕುನ್ನೂರಿನ ಘಾಟಿ ಹತ್ತುವಾಗ ನಾನು ಹಿಂದಿನಿಂದ ಎರಡು ಸೀಟಿನ ನಡುವೆ ಕತ್ತು ಚಾಚಿ, ಪಂಚಾಕ್ಷರಿ ಹೇಳಿಕೊಳ್ಳುತ್ತ ಮುಳ್ಳನ್ನೇ ನೋಡುತ್ತಿದ್ದೆ.

"ಆ ಮುಳ್ಳು ನಡುವಿಲೇ ನಿಂತದೆ" ಅಂದರು ಮಾಮಿ. "ಏನದು, ಗಡಿಯಾರವೇ? ಕೆಟ್ಟದೆಯೇ?"

ಅಷ್ಟು ಸಣ್ಣ ಮುಳ್ಳು ಅವರಿಗೆ ಕಂಡಿತ್ತು. "ಇಲ್ಲ ಮಾಮಿ, ಸರಿಯಾಗೇ ಇದೆ" ಅಂದೆ.

ಸ್ವಲ್ಪ ದೂರ ಹೋದ ಮೇಲೆ ಮಾಮಿ ಮತ್ತೆ ಅಂದರು: "ಇಂದು ಅರಿಶಿನದ ವಾಸನೆ ಇಲ್ಲೆ, ಕೂಸೇ."

"ಯಾವ ವಾಸನೆ ಮಾಮಿ?"

"ರಕ್ತ ಕೊಡುವುದಕ್ಕೆ ಹೋದ ದಿನ ಕಾಲಿಗೆ ಬಿಸಿಗಾಳಿ ಬಿಟ್ಟನಲ್ಲ ನಿನ್ನ ಗಂಡ, ಆಗ ಇತ್ತು. ಪೂಜೆ ಆದ ಮನೆಯ ವಾಸನೆ. ದೇವರೇ ಗಾಡಿಯೊಳಗೆ ಕೂತವನೆ, ಇನ್ನು ಹೆದರಿಕೆ ಇಲ್ಲೆ ಅಂತ ತಾನೆ ನಾ ಬರುವೆ ಅಂದದ್ದು."

ಕನ್ನಡಿಯಲ್ಲಿ ಮನೆಯವರೂ ನಾನೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಸಾಸಿವೆಯ ಮಾತು ಈಗ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಮಾಮಿ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಎಂದಿಗಿಂತ ಹೆಚ್ಚು ಹೊತ್ತು ಕೂತಿದ್ದರು. ಕಾಪಿ ಆರಿತು, ನಾನು ಕರೆಯಲಿಲ್ಲ. ಆ ವಾಸನೆ ಎಲ್ಲಿಂದ ಬಂದದ್ದೆಂದು ಅವರಿಗೆ ಹೇಳಬೇಕೋ ಬೇಡವೋ ಎಂದು ಇನ್ನೂ ತೀರ್ಮಾನಿಸಿಲ್ಲ. ಹೇಳುವುದಾದರೂ ಈಗಲ್ಲ. ಸದ್ಯಕ್ಕೆ ಒಂದಿಷ್ಟು ಅರಿಶಿನವನ್ನು ಬಟ್ಟೆಯಲ್ಲಿ ಕಟ್ಟಿ, ಕಾರಿನೊಳಗೆ ಬಿಸಿಗಾಳಿ ಬರುವ ಜಾಗದ ಮುಂದೆ ತೂಗುಹಾಕಿದ್ದೇನೆ. ಸೋಮವಾರ ಬೆಳಿಗ್ಗೆ ಮನೆಯವರು ಅದನ್ನು ನೋಡಿ, ರೇಡಿಯೇಟರಿನ ಮುಚ್ಚಳ ಬಿಗಿಯಾಗಿದೆಯೇ ಎಂದು ಒಮ್ಮೆ ತಿರುಗಿಸಿ ನೋಡಿ ಕೆಲಸಕ್ಕೆ ಹೋದರು. ಗಂಟನ್ನು ಮಾತ್ರ ಬಿಚ್ಚಲಿಲ್ಲ. ಎಡಗಣ್ಣು ಇನ್ನೂ ಬಾಕಿಯಿದೆಯಲ್ಲ.